ತಣ್ಣನೆಯ ಕೋಣೆಯಲ್ಲಿ ಬೆವರಿದವಳು

ಯಾರಾದರೂ ಮನೆಯ ಬಾಗಿಲು ತಟ್ಟಿದರೆ ಅವಳು ಒಳಗಿನಿಂದ "ಯಾರು?" ಎಂದು ಕೇಳುತ್ತಿರಲಿಲ್ಲ, "ಹಲೋ" ಎನ್ನುತ್ತಿದ್ದಳು. ಅದಕ್ಕೇ ಬೀದಿಯ ಮಕ್ಕಳೆಲ್ಲ ಸೇರಿ ಅವಳಿಗೆ ಹಲೋ ಚಿಕ್ಕಮ್ಮ ಎಂದು ಹೆಸರಿಟ್ಟರು. ಮೊದಮೊದಲು ಮಕ್ಕಳ ಬಾಯಲ್ಲಿದ್ದ ಆ ಹೆಸರು ಆಮೇಲೆ ದೊಡ್ಡವರ ಬಾಯಿಗೂ ಬಂತು. ಹಾಲಿನವನು, ದರ್ಜಿ, ಎದುರುಮನೆಯ ನಿವೃತ್ತ ಮೇಷ್ಟ್ರು ಎಲ್ಲರೂ ಹಾಗೆಯೇ ಕರೆಯತೊಡಗಿದರು. ತನ್ನ ನಿಜವಾದ ಹೆಸರನ್ನು ಯಾರಾದರೂ ಕೂಗಿದರೆ ಅವಳೇ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದಳು.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಬೇರೆ ಊರಿನವರ ಜೊತೆ ಮಾತಾಡಬೇಕೆಂದರೆ ಮೊದಲು ಎಕ್ಸ್‌ಚೇಂಜಿಗೆ ಫೋನ್ ಮಾಡಿ, ನಂಬರು ಹೇಳಿ, ಕಾದು ಕೂರಬೇಕಾಗಿದ್ದ ಕಾಲ ಅದು. ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ತೂತು ತೂತಾದ ಕಪ್ಪು ಬೋರ್ಡುಗಳು. ಅದರ ಮುಂದೆ ಎತ್ತರದ ಕುರ್ಚಿಗಳಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಸಾಲಾಗಿ ಕುಳಿತ ಹೆಂಗಸರು. ಒಂದು ತೂತಿನಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ಎರಡು ಊರುಗಳು ಒಂದಾಗುತ್ತಿದ್ದವು. ಸಣ್ಣ ಸಣ್ಣ ದೀಪಗಳು ಹತ್ತುತ್ತಿದ್ದವು, ಆರುತ್ತಿದ್ದವು. ಎಲ್ಲರೂ ಮೆಲುದನಿಯಲ್ಲೇ ಮಾತಾಡುತ್ತಿದ್ದರೂ ಕೋಣೆಯಲ್ಲಿ ಜೇನುಗೂಡಿನ ಹಾಗೆ ಒಂದು ಗುಂಯ್‌ಗುಡುವ ಸದ್ದು ಇದ್ದೇ ಇರುತ್ತಿತ್ತು. ಎಷ್ಟೋ ವರ್ಷಗಳ ನಂತರವೂ ಕಣ್ಣು ಮುಚ್ಚಿದರೆ ಹಲೋ ಚಿಕ್ಕಮ್ಮನಿಗೆ ಆ ಸದ್ದು ಕೇಳಿಸುತ್ತಿತ್ತು.

ಅವಳ ಮದುವೆಯೂ ಆ ಬೋರ್ಡಿನ ಮುಂದೆಯೇ ಕುದುರಿದ್ದು. ಕಂಬ ಹತ್ತಿ ತಂತಿ ರಿಪೇರಿ ಮಾಡುವ ಲೈನ್‌ಮನ್ನುಗಳು ಕೆಲಸ ಮುಗಿದ ಮೇಲೆ ಕಂಬದ ಮೇಲಿನಿಂದಲೇ ಎಕ್ಸ್‌ಚೇಂಜಿಗೆ ಮಾತಾಡಿ ಲೈನು ಪರೀಕ್ಷೆ ಮಾಡುತ್ತಿದ್ದರು. ಅವರಲ್ಲೊಬ್ಬ ದಿನಕ್ಕೊಂದು ಸಲ ಮಾಡಬೇಕಾದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡತೊಡಗಿದ. ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

"ಇವತ್ತು ಇದು ಎಷ್ಟನೇ ಸಲ ಸ್ವಾಮಿ? ಲೈನು ಸರಿಯಾಗೇ ಇದೆಯಲ್ಲ?"

"ಲೈನು ಸರಿ ಇದೆ ಮೇಡಂ. ನಾನೇ ಸರಿ ಇಲ್ಲ" ಎಂದಿತು ಕಂಬದ ಮೇಲಿನ ದನಿ.

ಪಕ್ಕದ ಕುರ್ಚಿಯಲ್ಲಿದ್ದ ಗೆಳತಿ ಆ ಮಾತನ್ನು ಕದ್ದು ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕಳು. ಆ ಗೆಳತಿಯ ನಾಲಿಗೆ ಬಲು ಖಾರ. ಅದಕ್ಕೇ ಎಕ್ಸ್‌ಚೇಂಜಿನಲ್ಲಿ ಎಲ್ಲರೂ ಅವಳನ್ನು ಮೆಣಸಿನಕಾಯಿ ಎನ್ನುತ್ತಿದ್ದರು. "ಹೂಂ ಅಂದ್ಬಿಡೇ, ಇಲ್ಲಾಂದ್ರೆ ಪಾಪ ಕಂಬದಿಂದ ಇಳಿಯೋದೇ ಇಲ್ಲ ಅವನು" ಎಂದಳು. ಹಲೋ ಚಿಕ್ಕಮ್ಮ ಹೂಂ ಅಂದಳು. ಮುಖ ನೋಡುವುದಕ್ಕೆ ಮೊದಲೇ ದನಿ ನೋಡಿ ಮದುವೆಯಾದವಳು ಎಂದು ಮೆಣಸಿನಕಾಯಿ ಜೀವನಪೂರ್ತಿ ಅವಳನ್ನು ಆಡಿಕೊಂಡಳು.

ಅವರಿಗೆ ಒಬ್ಬಳು ಮಗಳು ಹುಟ್ಟಿದಳು. ಎರಡನೆಯದಕ್ಕೆ ಅವಸರವೇನು ಎಂದುಕೊಂಡರು. ಆಮೇಲೆ ಆಗಲಿ ಎಂದುಕೊಂಡರೂ ಆಗಲಿಲ್ಲ. ಮಗಳು ಶಾಲೆಗೆ ಹೋಗಿ, ಓದಲು ಬರೆಯಲು ಕಲಿತು, ಹಲ್ಲು ಬಿದ್ದು ಹೊಸ ಹಲ್ಲು ಬರುವ ಹೊತ್ತಿಗೆ ಹಲೋ ಚಿಕ್ಕಮ್ಮನಿಗೆ ಮೂವತ್ತಾರು ತುಂಬಿತ್ತು.

ಆ ವರ್ಷವೇ ಅವಳು ಬೆವರತೊಡಗಿದ್ದು.

ಎಕ್ಸ್‌ಚೇಂಜಿನ ಕೋಣೆ ಊರಿಗೇ ತಣ್ಣನೆಯ ಜಾಗ. ಪಕ್ಕದ ಕೋಣೆಯ ಯಂತ್ರಗಳು ಬಿಸಿಯಾಗಬಾರದೆಂದು ಇಡೀ ದಿನ ತಂಪು ಗಾಳಿ ಬಿಡುತ್ತಿದ್ದರು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗಿನ ಹೆಂಗಸರು ಸ್ವೆಟರ್ ತೊಟ್ಟು, ಕಾಲಿಗೆ ಉಣ್ಣೆಯ ಸಾಕ್ಸು ಹಾಕಿಕೊಂಡು ಕೂರುತ್ತಿದ್ದರು. ಅಂಥ ಕಡೆ ಒಂದು ಬೆಳಗ್ಗೆ ಹಲೋ ಚಿಕ್ಕಮ್ಮನ ಎದೆಯಿಂದ ಏನೋ ಬಿಸಿ ಎದ್ದು ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಹತ್ತಿ, ನೋಡನೋಡುತ್ತಿದ್ದಂತೆ ಹಣೆಯಿಂದ ಬೆವರು ಬೋರ್ಡಿನ ಮೇಲೆ ತೊಟ್ಟಿಕ್ಕಿತು. ಸ್ವೆಟರ್ ಕಿತ್ತೆಸೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಚಳಿ. ಮತ್ತೆ ಸ್ವೆಟರ್. ಸಂಜೆಯವರೆಗೂ ಇದೇ ಆಟ.

"ಏನೇ ಇದು, ಇನ್ನೂ ಆ ಕಂಬದವನ ದನಿ ಕೇಳಿದ್ರೆ ನಿಂಗೆ ಬೆವರು ಬರುತ್ತಾ?" ಎಂದಳು ಮೆಣಸಿನಕಾಯಿ.

ಹಲೋ ಚಿಕ್ಕಮ್ಮ ನಕ್ಕಳು. ಆದರೆ ಅವಳ ಮನಸ್ಸಿನಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು. ತಿಂಗಳು ತಪ್ಪಿತ್ತು. ಮರುತಿಂಗಳೂ ತಪ್ಪಿತು. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ, ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಗಳು ಹೊಟ್ಟೆಯಲ್ಲಿದ್ದ ಹೊತ್ತಿಗೂ ಹೀಗೆಯೇ ಸಣ್ಣದಕ್ಕೆಲ್ಲ ಅತ್ತಿದ್ದು ನೆನಪಾಯಿತು. ಒಂದು ಭಾನುವಾರ ಬಟ್ಟೆ ಒಣಗಹಾಕುತ್ತ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. "ರೀ, ನಂಗ್ಯಾಕೋ ಅನುಮಾನ."

ಲೈನ್‌ಮನ್ನಿನ ಕೈಯಲ್ಲಿದ್ದ ಒದ್ದೆ ಅಂಗಿ ಹಾಗೇ ನಿಂತಿತು. ಆ ಸಂಜೆ ಅಟ್ಟ ಹತ್ತಿ, ಮಗಳು ಮಲಗುತ್ತಿದ್ದ ಹಳೆಯ ತೊಟ್ಟಿಲ ಮಂಚ ಇಳಿಸಿ, ಉಜ್ಜಿ ತೊಳೆದು, ಸಡಿಲಾದ ಮೊಳೆಗಳನ್ನು ಒಂದೊಂದಾಗಿ ಬಿಗಿ ಮಾಡಿದ. ಸಿಳ್ಳೆ ಹಾಕುತ್ತ ಮಾಡಿದ. ಆ ಸಿಳ್ಳೆಯನ್ನು ಅವಳು ಯಾವತ್ತೂ ಮರೆಯಲಿಲ್ಲ.

ಲೇಡಿ ಡಾಕ್ಟರ ಕ್ಲಿನಿಕ್ಕು ಮಹಡಿಯ ಮೇಲಿತ್ತು. ಕೆಳಗೆ ಕೊಡೆ ಅಂಗಡಿ. ದೊಡ್ಡ ಕನ್ನಡಕದ, ಅರ್ಧ ನರೆತ ಕೂದಲಿನ ಆ ಡಾಕ್ಟರು ಮಾತು ಕಮ್ಮಿ, ಕೇಳುವುದು ಜಾಸ್ತಿ. ಪರೀಕ್ಷೆ ಮಾಡಿ, "ಗರ್ಭ ನಿಂತಿಲ್ಲಮ್ಮ" ಎಂದರು. ರಕ್ತ ಪರೀಕ್ಷೆ ಮಾಡಿಸಿದರು. ಕೆಲವು ವಾರ ಬಿಟ್ಟು ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿದರು. ಆಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಅಂಡಾಶಯ ಕೆಲಸ ನಿಲ್ಲಿಸ್ತಾ ಬಂದಿದೆ. ಐವತ್ತರ ಹತ್ತಿರ ಆಗಬೇಕಾದ್ದು ನಿಮಗೆ ಈಗಲೇ ಆಗಿದೆ."

"ಅಂದ್ರೆ?"

"ಮುಟ್ಟು ನಿಲ್ಲೋ ಕಾಲ ಬಂದಿದೆ."

ಹಲೋ ಚಿಕ್ಕಮ್ಮನ ಕಿವಿಯಲ್ಲಿ ಕಡಿದುಹೋದ ಲೈನಿನ ಹಾಗೆ ಬರೀ ಗರಗರ ಸದ್ದು. ಅಟ್ಟದಿಂದ ಇಳಿಸಿದ ಮಂಚ ಕಣ್ಣ ಮುಂದೆ ಬಂತು.

"ನಾನೇನಾದ್ರೂ ತಪ್ಪು ಮಾಡಿದ್ನಾ ಡಾಕ್ಟ್ರೇ? ಆ ತಣ್ಣನೆ ಕೋಣೆಯಲ್ಲಿ ಕೂತು ಕೂತು..."

"ಇಲ್ಲಮ್ಮ. ಕೆಲವರಿಗೆ ಹೀಗಾಗುತ್ತೆ. ಎಷ್ಟೋ ಸಲ ಕಾರಣವೇ ಗೊತ್ತಾಗಲ್ಲ. ಕೆಲವು ಮನೆತನಗಳಲ್ಲಿ ಹೀಗೇ ನಡ್ಕೊಂಡು ಬಂದಿರುತ್ತೆ. ನಿಮ್ಮ ತಾಯಿಗೆ ಯಾವಾಗ ನಿಂತಿತ್ತು, ಗೊತ್ತಾ?"

ಗೊತ್ತಿತ್ತು. ಅಮ್ಮ ಅದನ್ನು ಬಚ್ಚಿಟ್ಟವಳಲ್ಲ. ನಲವತ್ತಕ್ಕೆ ಮೊದಲೇ ನಿಂತುಹೋಯಿತೆಂದು ನೆರೆಯವರ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. "ನಂಗೆ ಪೀಡೆ ತೊಲಗಿತು ಕಣ್ರೇ, ನೀವಿನ್ನೂ ಅನುಭವಿಸಿ" ಎಂದು ನಗುತ್ತಿದ್ದಳು. ಅಮ್ಮ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿಯುತ್ತಿದ್ದಳು. ಗಟ್ಟಿಗಿತ್ತಿ. ಜ್ವರ ಬಂದು ಮಲಗಿದ್ದನ್ನು ಮಕ್ಕಳು ಕಂಡವರಲ್ಲ. ಐವತ್ತು ಮುಟ್ಟುವ ಮೊದಲೇ ಒಂದು ಮಧ್ಯಾಹ್ನ ಮಷಿನ್ನಿನ ಮೇಲೆ ತಲೆಯಿಟ್ಟಳು. ಪಕ್ಕದವರು ದಣಿವಾಯಿತೇನೋ ಎಂದುಕೊಂಡರು. ಹೃದಯ ನಿಂತಿತ್ತು. ಇಷ್ಟು ಗಟ್ಟಿ ಇದ್ದವಳಿಗೆ ಹೀಗೇಕಾಯಿತು ಎಂದು ಎಲ್ಲರೂ ಬೆರಗಾದರು. ದೃಷ್ಟಿಯಾಯಿತು ಎಂದರು ಕೆಲವರು.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು ಮತ್ತೆ ಕನ್ನಡಕ ಹಾಕಿಕೊಂಡರು.

"ನೋಡಿ, ನಿಮ್ಮ ತಾಯಿಗೆ ಹಾಗಾಗಿದ್ದಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ. ಆದ್ರೆ ಮುಟ್ಟು ನಿಲ್ಲೋದು ಅಂದ್ರೆ ತಿಂಗಳ ರಗಳೆ ಮುಗಿಯೋದು ಅಷ್ಟೇ ಅಲ್ಲ. ಅಂಡಾಶಯದಿಂದ ಬರೋ ಹಾರ್ಮೋನು ರಕ್ತನಾಳಗಳನ್ನ ಮೆತ್ತಗೆ ಇಡುತ್ತೆ, ಮೂಳೆ ಕಾಯುತ್ತೆ. ಅದು ಹತ್ತು ಹದಿನೈದು ವರ್ಷ ಮೊದಲೇ ನಿಂತುಬಿಟ್ರೆ ಅಷ್ಟು ವರ್ಷ ಹೃದಯಕ್ಕೆ ಆ ಆಸರೆ ತಪ್ಪುತ್ತೆ. ಅದಕ್ಕೇ ಆ ಹಾರ್ಮೋನನ್ನೇ ಮಾತ್ರೆಯಾಗಿ ಕೊಡ್ತೀವಿ. ಹೆಚ್ಚಿಗೆ ಏನೂ ಕೊಡ್ತಿಲ್ಲ. ನಿಮ್ಮ ವಯಸ್ಸಿಗೆ ಮೈಯಲ್ಲಿ ಇರಬೇಕಾಗಿದ್ದನ್ನೇ ತುಂಬ್ತಿದ್ದೀವಿ. ಎಲ್ಲರಿಗೂ ನಿಲ್ಲೋ ವಯಸ್ಸು ಬರೋವರೆಗೆ ತಗೊಂಡ್ರೆ ಸಾಕು."

ಗರ್ಭಕೋಶ ಇರುವುದರಿಂದ ಜೊತೆಗೆ ಇನ್ನೊಂದು ಮಾತ್ರೆಯೂ ಬೇಕು, ಇಲ್ಲದಿದ್ದರೆ ಅದರ ಒಳಪದರ ದಪ್ಪವಾಗುತ್ತದೆ ಎಂದೂ ಹೇಳಿದರು. ವರ್ಷಕ್ಕೊಮ್ಮೆ ಬಂದು ರಕ್ತದೊತ್ತಡ, ರಕ್ತದ ಕೊಬ್ಬು, ಸ್ತನ ಎಲ್ಲ ತೋರಿಸಬೇಕು. ದಿನಾ ನಡೆಯಬೇಕು. "ಮಾತ್ರೆ ನುಂಗಿದೆ, ಇನ್ನು ನಂಗೇನು ಅಂತ ಕೂತ್ಕೋಬೇಡಿ" ಎಂದರು. "ಕುರ್ಚಿ ಮೇಲೆ ಕೂತು ಮಾಡೋ ಕೆಲಸ ನಿಮ್ಮದು."

ಆ ದಿನ ಅವಳು ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದ. ಮುಖ ನೋಡಿಯೇ ಅವನಿಗೆ ಅರ್ಥವಾಯಿತು. ಒಳಗೆ ಹೋಗಿ ಮಂಚ ಬಿಚ್ಚಿ ಮತ್ತೆ ಅಟ್ಟಕ್ಕೇರಿಸಿದ. ಕೆಳಗಿಳಿದು ಬಂದು ಪಕ್ಕದಲ್ಲಿ ಕುಳಿತ. ಅವಳು ಅತ್ತಳು. ಅವನೂ ಅತ್ತ. ಸ್ವಲ್ಪ ಹೊತ್ತಿನ ಮೇಲೆ, "ಒಂದಿದೆಯಲ್ಲ, ಹತ್ತಕ್ಕೆ ಸಮ ನಮ್ಮ ಹುಡುಗಿ" ಎಂದ. ಆ ಹತ್ತಕ್ಕೆ ಸಮನಾದ ಹುಡುಗಿ ಆಗ ಒಳಗಿನ ಗೋಡೆಯ ಮೇಲೆ ಕಲರ್ ಪೆನ್ಸಿಲಿನಿಂದ ಕುದುರೆ ಬರೆಯುತ್ತಿದ್ದಳು. ಅದನ್ನು ನೋಡಿ ಇಬ್ಬರೂ ಬೈಯಬೇಕೋ ನಗಬೇಕೋ ತಿಳಿಯದೆ ನಕ್ಕುಬಿಟ್ಟರು.

ಹಲೋ ಚಿಕ್ಕಮ್ಮನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ ಅದೇ ಊರಿನ ಇನ್ನೊಂದು ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ತಂಗಿ ಹೋಗಿ ಹೇಳಿಕೊಂಡರೆ ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ನಕ್ಕಳು.

"ನಂಗೂ ಹೋದ ವರ್ಷವೇ ನಿಂತುಹೋಯ್ತಲ್ಲೇ. ನಾನೇನು ಡಾಕ್ಟರ ಹತ್ರ ಓಡಿದ್ನಾ? ಅಮ್ಮನ ಮಕ್ಕಳು ಕಣೇ ನಾವು. ಬೇಗ ಬಿಡುಗಡೆ."

"ಅಮ್ಮ ಬೇಗ ಹೋದ್ಲಲ್ಲಕ್ಕ. ಡಾಕ್ಟ್ರು ಹೃದಯದ ವಿಷಯ ಹೇಳಿದ್ರು. ನೀನೂ ಒಂದ್ಸಲ ಬಾ."

"ಹೃದಯವಂತೆ! ನಂಗೆ ಹೃದಯ ಅಂತ ಒಂದಿದ್ರೆ ತಾನೇ ಕೆಡೋದಕ್ಕೆ. ನಿಮ್ಮ ಭಾವನ್ನ ಕೇಳು" ಎಂದು ಅಕ್ಕ ಮಾತನ್ನು ತೇಲಿಸಿಬಿಟ್ಟಳು.

ಮಾತ್ರೆ ಶುರುಮಾಡಿದ ಮೇಲೆ ಬೆವರು ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ನಿದ್ದೆ ಮರಳಿತು. ಎಲ್ಲಕ್ಕಿಂತ ಹೆಚ್ಚಾಗಿ ಅವಳ ದನಿ ಮೊದಲಿನಂತಾಯಿತು. ನಡುವೆ ಅದರಲ್ಲೊಂದು ಸಿಡುಕು ಸೇರಿಕೊಂಡು ಗಿರಾಕಿಗಳ ಮೇಲೆಲ್ಲ ಹರಿಹಾಯುತ್ತಿದ್ದಳು. ಮತ್ತೆ ಸ್ವೆಟರ್ ತೊಟ್ಟು ಕೂರುವಂತಾದ ದಿನ ಮೆಣಸಿನಕಾಯಿ ಎಲ್ಲರಿಗೂ ಬಿಸ್ಕತ್ತು ಹಂಚಿದಳು. ಏನು ವಿಶೇಷ ಎಂದು ಕೇಳಿದವರಿಗೆ, "ನಮ್ಮ ಬಾಯ್ಲರ್ ಆರಿತು" ಎಂದಳು.

ಆಮೇಲಿನ ವರ್ಷಗಳನ್ನು ನೆನೆದರೆ ಹಲೋ ಚಿಕ್ಕಮ್ಮನಿಗೆ ಮೊದಲು ಕಣ್ಣಿಗೆ ಕಟ್ಟುತ್ತಿದ್ದುದು ಸಂಜೆಯ ನಡಿಗೆ. ಡಾಕ್ಟರು ನಡೆಯಿರಿ ಎಂದಿದ್ದರು. ಗಂಡ ಅದನ್ನು ಮೈಮೇಲೆ ಹಾಕಿಕೊಂಡ. ಕೆಲಸ ಮುಗಿಸಿ, ಮಗಳನ್ನೂ ಕರೆದುಕೊಂಡು ಎಕ್ಸ್‌ಚೇಂಜಿನ ಗೇಟಿನ ಮುಂದೆ ಬಂದು ನಿಲ್ಲುತ್ತಿದ್ದ. ಅಲ್ಲಿಂದ ಮನೆಯವರೆಗೆ ಬಸ್ಸು ಬಿಟ್ಟು ಮೂವರೂ ನಡೆದು ಬರುತ್ತಿದ್ದರು. ದಾರಿಯುದ್ದಕ್ಕೂ ಅವನ ಕಂಬಗಳು. ಒಂದೊಂದು ಕಂಬಕ್ಕೂ ಒಂದೊಂದು ಕತೆ. "ಇದರ ಮೇಲೆ ಹಕ್ಕಿ ಗೂಡು ಕಟ್ಟಿತ್ತು, ಮರಿ ಹಾರೋವರೆಗೂ ಲೈನು ರಿಪೇರಿ ಮುಂದಕ್ಕೆ ಹಾಕಿದ್ದೆ." "ಇದರ ಮೇಲಿಂದಲೇ ನಿನ್ ಹತ್ರ ಮೊದಲ ಸಲ ಸುಳ್ಳು ಟೆಸ್ಟ್ ಮಾಡಿದ್ದು." ಮಗಳು ಮುಂದೆ ಮುಂದೆ ಓಡುತ್ತಿದ್ದಳು. ಸಂಜೆಯ ಬಿಸಿಲಿನಲ್ಲಿ ತಂತಿಯ ನೆರಳು ರಸ್ತೆಯ ಮೇಲೆ ಗೆರೆ ಎಳೆದಂತೆ ಬಿದ್ದಿರುತ್ತಿತ್ತು. ಮಗಳು ಆ ಗೆರೆ ತುಳಿಯದೆ ನಡೆಯಲು ಹೋಗಿ ತೂರಾಡುತ್ತಿದ್ದಳು. ಎರಡನೆಯದು ಇದ್ದಿದ್ದರೆ ಅದೂ ಅವಳ ಹಿಂದೆಯೇ ತೂರಾಡುತ್ತಿತ್ತೇನೋ ಎಂದು ಒಮ್ಮೊಮ್ಮೆ ಅನಿಸುವುದು. ಅನಿಸಿದರೂ ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಂಡನ ಕೈ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು, ಅಷ್ಟೆ.

ಕಾಲ ಬದಲಾಯಿತು. ನಂಬರು ಒತ್ತಿದರೆ ಸಾಕು, ದೂರದ ಊರು ತಾನಾಗಿಯೇ ಸಿಗುವ ಯಂತ್ರ ಬಂತು. ಕಪ್ಪು ಬೋರ್ಡುಗಳನ್ನು ಒಂದೊಂದಾಗಿ ಗೋಡೆಯಿಂದ ಬಿಚ್ಚಿದರು. ಕೊನೆಯ ದಿನ ಸೂಪರ್‌ವೈಸರ್ ಎಲ್ಲರನ್ನೂ ಕರೆದು ಇನ್ನು ನಾಳೆಯಿಂದ ಹೆಡ್‌ಸೆಟ್ ಹಾಕಬೇಕಾಗಿಲ್ಲ ಎಂದಳು. ಅಷ್ಟು ವರ್ಷ ಎಲ್ಲರನ್ನೂ ಗದರಿಸಿದ ಹೆಂಗಸು ಆ ಮಾತು ಹೇಳಿ ಮುಗಿಸಲಾರದೆ ಕಿಟಕಿಯ ಕಡೆ ತಿರುಗಿದಳು. ಹಲೋ ಚಿಕ್ಕಮ್ಮ ಕಿವಿಯಿಂದ ಹೆಡ್‌ಸೆಟ್ ತೆಗೆದಾಗ ಕೂದಲಿನಲ್ಲಿ ಅದು ಕೂತ ಜಾಗ ತಗ್ಗಾಗಿಯೇ ಉಳಿದಿತ್ತು. ಬಾಚಿದರೂ ಎಷ್ಟೋ ತಿಂಗಳು ಅದು ಹೋಗಲಿಲ್ಲ. ಅವಳನ್ನು ಕೆಳಗಿನ ಮಹಡಿಯ ದೂರು ವಿಭಾಗಕ್ಕೆ ಹಾಕಿದರು. ಅಲ್ಲೂ ಫೋನೇ, ಆದರೆ ಬರುತ್ತಿದ್ದುದೆಲ್ಲ ಬೈಗುಳ. ಪಕ್ಕದ ಮೇಜು ಮೆಣಸಿನಕಾಯಿಗೆ ಸಿಕ್ಕಿದ್ದೊಂದೇ ಪುಣ್ಯ.

ಹಲೋ ಚಿಕ್ಕಮ್ಮನಿಗೆ ನಲವತ್ತಾರು ನಡೆಯುತ್ತಿದ್ದಾಗ ಒಂದು ದಿನ ಮೆಣಸಿನಕಾಯಿ ಪತ್ರಿಕೆ ಹಿಡಿದುಕೊಂಡು ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ಇಲ್ನೋಡೇ. ನೀನು ತಗೊಳ್ಳೋ ಮಾತ್ರೆ ಇದೇ ಅಲ್ವಾ? ಇದರಿಂದ ಕ್ಯಾನ್ಸರ್ ಬರುತ್ತಂತೆ. ಹೃದಯಕ್ಕೂ ಒಳ್ಳೇದಲ್ಲ ಅಂತ ದೊಡ್ಡ ಪರೀಕ್ಷೆಯಲ್ಲಿ ಗೊತ್ತಾಗಿದೆಯಂತೆ."

ಹಲೋ ಚಿಕ್ಕಮ್ಮ ಓದಿದಳು. ಮತ್ತೊಮ್ಮೆ ಓದಿದಳು. ಹೃದಯ ಉಳಿಯಲಿ ಎಂದು ಇಷ್ಟು ವರ್ಷ ನುಂಗಿದ್ದೇ ಹೃದಯಕ್ಕೆ ಮುಳುವೇ? ಆ ಸಂಜೆ ಮನೆಗೆ ಬಂದವಳೇ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದಳು. "ಒಂದು ಮಾತು ಡಾಕ್ಟ್ರನ್ನ ಕೇಳೋಣ" ಎಂದ ಗಂಡನ ಮೇಲೆ, "ಕೇಳೋದೇನಿದೆ? ಪೇಪರಿನಲ್ಲೇ ಬಂದಿದೆಯಲ್ಲ" ಎಂದು ಎಗರಿಬಿದ್ದಳು. ಅವಳಿಗೆ ಕೋಪ ಬಂದಿದ್ದು ಪತ್ರಿಕೆಯ ಮೇಲಲ್ಲ. ನಂಬಿದ್ದ ಕನ್ನಡಕದ ಡಾಕ್ಟರ ಮೇಲೆ. ಅವರ ಮುಖ ನೋಡಲೂ ಮನಸ್ಸಾಗಲಿಲ್ಲ.

ಹಳೆಯ ಬೆವರು ಮತ್ತೆ ಬಂತು. ನಿದ್ದೆ ಹೋಯಿತು. ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು. ಒಮ್ಮೊಮ್ಮೆ ಸುಮ್ಮನೆ ಕೂತಿದ್ದರೂ ಎದೆಯೊಳಗೆ ಹಕ್ಕಿ ಸಿಕ್ಕಿಕೊಂಡು ಪಟಪಟ ಬಡಿದಂತಾಗುತ್ತಿತ್ತು. ನಡಿಗೆಯನ್ನೂ ಬಿಟ್ಟಳು. ಅಮ್ಮ ಮಷಿನ್ನಿನ ಮೇಲೆ ತಲೆಯಿಟ್ಟ ವಯಸ್ಸು ಹತ್ತಿರವಾಗುತ್ತಿದೆ ಎಂಬ ಯೋಚನೆ ತಲೆಯಲ್ಲಿ ಹೊಕ್ಕಿದ್ದು ಹೊರಗೆ ಬರಲೊಲ್ಲದು. ಮಗಳು ಕಾಲೇಜಿನಿಂದ ಬಂದು, "ಏನಾಗ್ತಿದೆ ಅಮ್ಮ ನಿಂಗೆ?" ಎಂದರೆ, "ಏನಿಲ್ಲ, ವಯಸ್ಸಾಯ್ತು" ಎನ್ನುತ್ತಿದ್ದಳು.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ದೂರು ವಿಭಾಗದ ಅವಳ ಮೇಜಿನ ಫೋನು ಬಡಿದುಕೊಂಡಿತು. ಅಕ್ಕ.

"ಸಂಜೆ ಬರೋದಿದ್ರೆ ಒಂದು ಹೊಟ್ಟೆ ಉರಿ ಮಾತ್ರೆ ತಗೊಂಡು ಬಾರೇ. ಬೆಳಗ್ಗೆಯಿಂದ ಏನೋ ಸಂಕಟ. ವಾಕರಿಕೆ."

"ಏನು ತಿಂದೆ?"

"ಏನೂ ತಿಂದಿಲ್ಲ. ದವಡೆ ಬೇರೆ ನೋವು. ಹಲ್ಲಿರಬೇಕು."

ಮಾತು ಸಾಧಾರಣವಾಗಿಯೇ ಇತ್ತು. ಆದರೆ ಹಲೋ ಚಿಕ್ಕಮ್ಮನ ಕಿವಿ ನೆಟ್ಟಗಾಯಿತು. ಅಕ್ಕ ಒಂದು ವಾಕ್ಯ ಹೇಳಿ ಮುಗಿಸಲು ಎರಡು ಸಲ ಉಸಿರೆಳೆದುಕೊಂಡಿದ್ದಳು. ಜೀವನವೆಲ್ಲ ಮುಖ ಕಾಣದ ಜನರ ಉಸಿರು ಕೇಳಿದವಳಿಗೆ ಇದು ಹೊಟ್ಟೆ ಉರಿಯ ಉಸಿರಲ್ಲ ಎನಿಸಿತು.

"ಅಕ್ಕ, ಬೆನ್ನು ನೋಯ್ತಿದೆಯಾ?"

"ಅದು ಇಸ್ತ್ರಿ ಮಾಡಿ ಮಾಡಿ..."

"ಬೆವರು?"

"ಬಟ್ಟೆಯೆಲ್ಲಾ ಒದ್ದೆ ಕಣೇ. ಪೆಟ್ಟಿಗೆ ಶಾಖ."

"ಪೆಟ್ಟಿಗೆ ಆರಿಸು. ನೆಲದ ಮೇಲೆ ಕೂತ್ಕೋ. ಫೋನು ಇಡಬೇಡ. ನನ್ ಜೊತೆ ಮಾತಾಡ್ತಾ ಇರು."

ಇನ್ನೊಂದು ಕೈಯಿಂದ ಅವಳು ಮೆಣಸಿನಕಾಯಿಯ ತೋಳು ಹಿಡಿದು ಜಗ್ಗಿದಳು. ಮೆಣಸಿನಕಾಯಿಗೆ ಎರಡು ಮಾತು ಸಾಕಾಯಿತು. ತನ್ನ ಮೇಜಿನ ಫೋನಿನಿಂದ ಆಸ್ಪತ್ರೆಗೆ ಹೇಳಿ ಆಂಬುಲೆನ್ಸನ್ನು ಇಸ್ತ್ರಿ ಅಂಗಡಿಗೆ ಕಳಿಸಿದಳು. ಅದು ಬರುವವರೆಗೆ ಹಲೋ ಚಿಕ್ಕಮ್ಮ ಅಕ್ಕನ ಜೊತೆ ಮಾತಾಡುತ್ತಲೇ ಇದ್ದಳು. ಚಿಕ್ಕಂದಿನಲ್ಲಿ ಒಂದೇ ಹೊದಿಕೆಗೆ ಜಗಳವಾಡಿದ್ದು, ಅಮ್ಮ ಉಳಿದ ಕಾಲರು ಬಟ್ಟೆಯಲ್ಲಿ ಗೊಂಬೆಗಳಿಗೆ ಅಂಗಿ ಹೊಲಿದುಕೊಟ್ಟಿದ್ದು, ಬಾಯಿಗೆ ಬಂದಿದ್ದೆಲ್ಲ. ಅತ್ತ ಕಡೆಯಿಂದ ಹೂಂ ಎನ್ನುವ ದನಿ ಸಣ್ಣದಾಗುತ್ತ ಬಂತು. ಆಮೇಲೆ ಅಂಗಡಿಯ ಬಾಗಿಲು ಸರಿದ ಸದ್ದು, ಗಂಡಸರ ಮಾತು, ಫೋನು ಬಿದ್ದ ಸದ್ದು.

ಹೃದಯಾಘಾತವೇ. ಆಸ್ಪತ್ರೆಯವರು ಮುಚ್ಚಿಕೊಂಡಿದ್ದ ರಕ್ತನಾಳವನ್ನು ತೆರೆದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ವಾರ್ಡಿನಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದ ಅಕ್ಕ ತಂಗಿಯನ್ನು ಕಂಡು, "ಹೃದಯ ಅನ್ನೋದು ಒಂದಿದೆ ಅಂತ ಕೊನೆಗೂ ಗೊತ್ತಾಯ್ತು ನೋಡು" ಎಂದಳು. ಹಲೋ ಚಿಕ್ಕಮ್ಮ ನಗಲು ಹೋಗಿ ಹಾಸಿಗೆಯ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಅಲ್ಲಿಂದ ಅವಳು ನೆಟ್ಟಗೆ ಹೋಗಿದ್ದು ಕೊಡೆ ಅಂಗಡಿಯ ಮೇಲಿನ ಕ್ಲಿನಿಕ್ಕಿಗೆ. ಡಾಕ್ಟರ ಕೂದಲು ಈಗ ಪೂರ್ತಿ ಬೆಳ್ಳಗಾಗಿತ್ತು. ಅವರು ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದರು. ಮಾತ್ರೆ ಬಿಟ್ಟಿದ್ದು ಕೇಳಿ ಬೈಯಲಿಲ್ಲ.

"ಪೇಪರ್ ನಾನೂ ಓದಿದೆ. ನಿಮ್ಮ ಹಾಗೆ ಬಿಟ್ಟವರು ತುಂಬಾ ಜನ. ಆದ್ರೆ ಆ ಪರೀಕ್ಷೆ ನಡೆದಿದ್ದು ಯಾರ ಮೇಲೆ ಗೊತ್ತಾ? ಹೆಚ್ಚಿನವರು ಅರವತ್ತರ ಆಸುಪಾಸಿನವರು. ಸಹಜವಾಗಿ ಮುಟ್ಟು ನಿಂತು ಎಷ್ಟೋ ವರ್ಷ ಆದವರು. ಅವರ ಮೈ ಆ ಹಾರ್ಮೋನಿಲ್ಲದೆ ಇರೋದಕ್ಕೆ ಒಗ್ಗಿಹೋಗಿತ್ತು. ಅವರಿಗೆ ಬಂದ ಉತ್ತರನ ತಂದು ಮೂವತ್ತಾರಕ್ಕೆ ನಿಂತವರ ತಲೆಗೆ ಕಟ್ಟೋಕಾಗಲ್ಲ."

"ಹಾಗಾದ್ರೆ ಅಪಾಯವೇ ಇಲ್ವಾ?"

"ಏನೂ ಇಲ್ಲ ಅಂತ ನಾನು ಹೇಳಲ್ಲ. ಯಾವ ಔಷಧಿಗೂ ಆ ಮಾತು ಹೇಳೋಕಾಗಲ್ಲ. ಅದಕ್ಕೇ ವರ್ಷ ವರ್ಷ ಬನ್ನಿ ಅಂದಿದ್ದು. ಆದ್ರೆ ನಿಮ್ಮ ವಯಸ್ಸಿಗೆ ತಗೊಳ್ಳದೆ ಇರೋದರಲ್ಲೂ ಅಪಾಯ ಇದೆ. ಎರಡನ್ನೂ ತೂಗಿ ನೋಡಿದ್ರೆ ನಾನು ತಗೊಳ್ಳಿ ಅಂತೀನಿ. ಮೊದಲು ಈ ರಕ್ತದೊತ್ತಡ ಹದಕ್ಕೆ ತರೋಣ."

"ನಮ್ಮಕ್ಕನಿಗೂ ಕೊಡ್ತೀರಾ?"

ಡಾಕ್ಟರು ಅಡ್ಡಡ್ಡ ತಲೆಯಾಡಿಸಿದರು. "ಈಗ ಬೇಡ. ಹೃದಯಾಘಾತ ಆದ ಮೇಲೆ ಇದನ್ನ ಶುರು ಮಾಡೋದು ಸರಿಯಲ್ಲ. ಅವರಿಗೆ ಹೃದಯದ ಡಾಕ್ಟ್ರು ಕೊಟ್ಟ ಔಷಧಿ ಇದೆ, ಅದನ್ನ ತಪ್ಪಿಸದೆ ತಗೊಳ್ಳಲಿ. ನಿಮ್ಮ ಜೊತೆ ನಡೀಲಿ."

'ಈಗ ಬೇಡ' ಎಂಬ ಮಾತು ಅವಳ ಎದೆಗೆ ನಾಟಿತು. ಹತ್ತು ವರ್ಷದ ಹಿಂದೆ ಆವತ್ತು ಇಸ್ತ್ರಿ ಅಂಗಡಿಯಲ್ಲಿ ಇನ್ನೊಂದು ಮಾತು ಒತ್ತಿ ಹೇಳಿದ್ದರೆ, ಕೈಹಿಡಿದು ಎಳೆದುಕೊಂಡು ಬಂದಿದ್ದರೆ ಎಂದು ಬಹಳ ದಿನ ಕೊರಗಿದಳು. ಅದನ್ನು ಅಕ್ಕನ ಮುಂದೆಯೇ ಹೇಳಿದಾಗ ಅಕ್ಕ, "ಎಳೆದಿದ್ರೂ ನಾನು ಬರ್ತಿರಲಿಲ್ಲ ಬಿಡು. ನನ್ ಹಟ ನಿಂಗೆ ಗೊತ್ತಿಲ್ವಾ?" ಎಂದು ಮುಗಿಸಿದಳು.

ಹಲೋ ಚಿಕ್ಕಮ್ಮ ಮತ್ತೆ ಮಾತ್ರೆ ಶುರುಮಾಡಿದಳು. ಸಂಜೆಯ ನಡಿಗೆಗೆ ಈಗ ಅಕ್ಕನೂ ಸೇರಿದಳು. ಮೊದಲು ಬೀದಿಯ ತುದಿಯವರೆಗೆ, ಆಮೇಲೆ ಉದ್ಯಾನದವರೆಗೆ, ಕೊನೆಗೆ ಕೆರೆಯ ಸುತ್ತ. ಅಕ್ಕತಂಗಿಯರ ಮಾತು ಮುಗಿಯುತ್ತಲೇ ಇರಲಿಲ್ಲವಾದ್ದರಿಂದ ಲೈನ್‌ಮನ್ ಹಿಂದೆ ಉಳಿದು ತನ್ನ ಪಾಡಿಗೆ ತಾನು ಬರುತ್ತಿದ್ದ. ಅಷ್ಟರಲ್ಲಿ ಕಂಬಗಳೂ ಹೋಗಿದ್ದವು, ತಂತಿಗಳೆಲ್ಲ ನೆಲದ ಅಡಿ ಸೇರಿದ್ದವು. ಕಂಬವಿದ್ದ ಜಾಗಗಳಲ್ಲಿ ಅವನು ಒಂದು ಕ್ಷಣ ನಿಂತು ತಲೆಯೆತ್ತಿ ನೋಡಿ ಮುಂದೆ ಹೋಗುತ್ತಿದ್ದ.

ಅಮ್ಮನ ವಯಸ್ಸು ದಾಟಿದ ದಿನ ಹಲೋ ಚಿಕ್ಕಮ್ಮ ಯಾರಿಗೂ ಹೇಳದೆ ಒಂದಿಷ್ಟು ಹೊತ್ತು ಕಿಟಕಿಯ ಬಳಿ ಕುಳಿತಳು. ಇಲ್ಲಿಂದಾಚೆ ಅಮ್ಮ ನಡೆಯದ ದಾರಿ. ಮುಂದೆ ಹೇಗಿರಬೇಕು ಎಂದು ತೋರಿಸಿಕೊಡುವವರಿಲ್ಲ. ಅಮ್ಮನ ಮುಖದಲ್ಲಿ ಕಾಣದೇಹೋದ ಸುಕ್ಕುಗಳು ತನ್ನ ಮುಖದಲ್ಲಿ ಮೂಡುವುದನ್ನು ಕನ್ನಡಿಯಲ್ಲಿ ನೋಡಿದಾಗ ಅಮ್ಮ ಮುದುಕಿಯಾಗಿದ್ದರೆ ಹೀಗಿರುತ್ತಿದ್ದಳೇನೋ ಎನಿಸಿ ಒಂಥರಾ ಸಮಾಧಾನವಾಗುತ್ತಿತ್ತು.

ಐವತ್ತೊಂದು ತುಂಬಿದ ಮೇಲೆ ಡಾಕ್ಟರು, "ಇನ್ನು ಸಾಕು, ನಿಧಾನಕ್ಕೆ ಬಿಡೋಣ" ಎಂದರು. ಈ ಸಲ ಬೆವರು ಬಂದರೂ ಹೆಚ್ಚು ದಿನ ನಿಲ್ಲಲಿಲ್ಲ. ಮೆಣಸಿನಕಾಯಿಗೂ ಆಗ ಅದೇ ಕಾಲ. ದೂರು ವಿಭಾಗದ ಒಂದೇ ಫ್ಯಾನಿನ ಕೆಳಗೆ ಜಾಗಕ್ಕಾಗಿ ಗೆಳತಿಯರಿಬ್ಬರೂ ಕುರ್ಚಿ ಎಳೆದಾಡಿದರು. "ಕೊನೆಗೂ ನೀನು ನಮ್ಮ ಸಾಲಿಗೆ ಬಂದೆ" ಎಂದು ಮೆಣಸಿನಕಾಯಿ ಅಣಕಿಸಿದಳು.

ಆ ಹೊತ್ತಿಗೆ ಮಗಳಿಗೆ ಮದುವೆ ಗೊತ್ತಾಗಿತ್ತು. ಮದುವೆಗೆ ಕೆಲವು ದಿನ ಮೊದಲು ಒಂದು ಸಂಜೆ ಬಾಲ್ಕನಿಯಲ್ಲಿ ಇಬ್ಬರೇ ಚಹಾ ಕುಡಿಯುತ್ತಿದ್ದಾಗ ಹಲೋ ಚಿಕ್ಕಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಮುಟ್ಟು ನಿಂತ ಕತೆ, ಅಟ್ಟದಿಂದ ಇಳಿದು ಮತ್ತೆ ಅಟ್ಟಕ್ಕೇರಿದ ಮಂಚದ ಕತೆ, ಅಜ್ಜಿಯ ಕತೆ, ದೊಡ್ಡಮ್ಮನ ಕತೆ, ಏನನ್ನೂ ಬಿಡದೆ ಹೇಳಿದಳು. ಮಗಳು ಚಹಾ ಆರುವವರೆಗೂ ಕೇಳಿದಳು.

"ನಂಗೂ ಹೀಗೇ ಆಗುತ್ತಾ ಅಮ್ಮ?"

"ಆಗಬಹುದು. ಆಗದೇನೂ ಇರಬಹುದು. ಏನೇ ಆದ್ರೂ, ತಿಂಗಳು ತಪ್ಪಿದ ಕೂಡ್ಲೇ ಡಾಕ್ಟ್ರ ಹತ್ರ ಹೋಗು. ಮಕ್ಕಳು ಬೇಕು ಅನ್ನಿಸಿದ್ರೆ ನಮ್ಮ ಹಾಗೆ ಆಮೇಲೆ ಆಮೇಲೆ ಅಂತ ಮುಂದೂಡಬೇಡ. ಆ ವಿಷಯನೂ ಅವರ ಹತ್ರ ಈಗಲೇ ಮಾತಾಡು."

ಮಗಳು ಆರಿದ ಚಹಾ ಪಕ್ಕಕ್ಕಿಟ್ಟು, "ನೀನು ಆಗ ಅತ್ತಿದ್ದು ನಂಗೆ ನೆನಪಿದೆ. ಗೋಡೆ ಮೇಲೆ ಗೀಚಿದ್ದಕ್ಕೆ ಅಳ್ತಿದ್ದೀಯ ಅಂದ್ಕೊಂಡಿದ್ದೆ" ಎಂದಳು. "ಎಷ್ಟೋ ದಿನ ಪೆನ್ಸಿಲ್ ಮುಟ್ಟಿರಲಿಲ್ಲ ನಾನು."

ಹಲೋ ಚಿಕ್ಕಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಮಗಳ ತಲೆಯನ್ನು ಎಳೆದು ತನ್ನ ಹೆಗಲಿಗೆ ಒರಗಿಸಿಕೊಂಡಳು.

"ಅಯ್ಯೋ ಹುಚ್ಚಿ, ಕೇಳಬಾರದಿತ್ತಾ?"

"ನೀನು ಹೇಳಬಾರದಿತ್ತಾ?"

ಇಬ್ಬರಿಗೂ ನಗು ಬಂತು. ಕೆಳಗೆ ರಸ್ತೆಯಲ್ಲಿ ಅಕ್ಕ ನಡಿಗೆಯ ಶೂ ತೊಟ್ಟು ಬಂದು ನಿಂತು, ಎರಡೂ ಕೈ ಸೊಂಟಕ್ಕಿಟ್ಟುಕೊಂಡು, ಇನ್ನೂ ಎಷ್ಟು ಹೊತ್ತು ಕಾಯಿಸುತ್ತೀರಿ ಎಂದು ಮೇಲಕ್ಕೆ ಕೂಗುತ್ತಿದ್ದಳು. ಮಗಳು ಎದ್ದು, "ತಾಳಿ ದೊಡ್ಡಮ್ಮ, ಇವತ್ತು ನಾನೂ ಬರ್ತೀನಿ" ಎಂದು ಚಪ್ಪಲಿ ಹುಡುಕಲು ಒಳಗೆ ಓಡಿದಳು.